ಇಲ್ಲ ಅನ್ನುವುದಾದರೆ ಬರೆದು ಕೊಡಿ, ಸರ್

ನಮ್ಮ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರಿಗೆ, ಜೊತೆಗೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇದನ್ನು ಓದುವ ಎಲ್ಲರಿಗೂ,

ನಮಸ್ಕಾರ ಸರ್. ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನು ನಾನು. ನಿಮ್ಮ ಠಾಣೆಗೆ ಬರುವ ಅರ್ಜಿಗಳಲ್ಲಿ ಎಷ್ಟೋ ನನ್ನ ಕಂಪ್ಯೂಟರಿನಲ್ಲೇ ಟೈಪ್ ಆದವು. ಮೊಬೈಲ್ ಕಳೆದದ್ದು, ಬದುವಿನ ಜಗಳ, ಗಣೇಶನ ಪೆಂಡಾಲಿಗೆ ಅನುಮತಿ, ಗಂಡ ಕುಡಿದು ಹೊಡೆಯುತ್ತಾನೆ ಅನ್ನುವ ದೂರು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಬೇರೆಯವರ ಪರವಾಗಿ ಬರೆದು ಬರೆದು ಅಭ್ಯಾಸ. ಈ ಸಲ ನನ್ನ ಪರವಾಗಿ ಬರೆಯುತ್ತಿದ್ದೇನೆ, ಯುದ್ಧ ಬೇಡ ಅಂತ ಬೀದಿ ಬದಿಯಲ್ಲಿ ನಿಂತ ನಮ್ಮನ್ನು ನೀವು ಠಾಣೆಗೆ ಕರೆದುಕೊಂಡು ಹೋದದ್ದರ ಬಗ್ಗೆ. ನಿಮ್ಮ ಹೆಸರು, ಊರಿನ ಹೆಸರು ಹಾಕಿಲ್ಲ. ನಿಮ್ಮೊಬ್ಬರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ನನಗೆ ಬೇಕಿಲ್ಲ. ಇಂಥದ್ದು ಪಕ್ಕದ ತಾಲೂಕಿನಲ್ಲೂ ನಡೆಯುತ್ತದೆ, ಬೆಂಗಳೂರಿನಲ್ಲೂ ನಡೆಯುತ್ತದೆ.

ಆ ಭಾನುವಾರ ಸಂಜೆ ನಡೆದದ್ದು ನಿಮಗೆ ನೆನಪಿದೆ. ಓದುವವರಿಗೆ ಗೊತ್ತಿಲ್ಲ, ಹಾಗಾಗಿ ಹೇಳುತ್ತೇನೆ.

ನಾವು 22 ಜನ. ಇಬ್ಬರು ಮೇಷ್ಟ್ರು, ಒಬ್ಬರು ರಿಟೈರ್ ಆದ ಪೋಸ್ಟ್‌ಮ್ಯಾನ್, ರೇಷ್ಮೆ ನೂಲು ತೆಗೆಯುವ ಮೂರು ಜನ, ಕಾಲೇಜು ಹುಡುಗಿಯರು ಆರು ಮಂದಿ, ಅವರಲ್ಲಿ ಒಬ್ಬಳ ಅಜ್ಜಿ, ಉಳಿದವರು ನನ್ನ ಹಾಗೆ ಅಂಗಡಿ ಇಟ್ಟವರು. ಸರ್ಕಲ್ಲಿನಲ್ಲಿ ಅಲ್ಲ, ಅದರ ಪಕ್ಕದ ಫುಟ್‌ಪಾತಿನ ಮೇಲೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆವು. ಮೈಕ್ ಇಲ್ಲ, ಘೋಷಣೆ ಇಲ್ಲ. ಚಾರ್ಟ್ ಪೇಪರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಯುದ್ಧ ನಿಲ್ಲಿಸಿ' ಅಂತ ಬರೆದಿದ್ದೆವು. ಒಬ್ಬರು ಗಾಜಾದ ಯುದ್ಧದಲ್ಲಿ ಸತ್ತ ಒಂದು ಮಗುವಿನ ಹೆಸರು ಓದುವುದು, ಪಕ್ಕದವರು ಮೇಣದಬತ್ತಿ ಹಚ್ಚುವುದು. ಅರ್ಧ ಗಂಟೆಯ ಕೆಲಸ ಅಷ್ಟೆ.

ಹೆಸರುಗಳು ಎಲ್ಲಿಂದ ಬಂದವು ಅನ್ನುವುದನ್ನೂ ಹೇಳಬೇಕು. ಗಾಜಾದ ಆರೋಗ್ಯ ಸಚಿವಾಲಯ ಸತ್ತವರ ಹೆಸರು, ವಯಸ್ಸು ಇರುವ ಪಟ್ಟಿ ಹೊರಡಿಸಿದೆ. ಚಿಕ್ಕವರಿಂದ ಶುರುವಾಗಿ ದೊಡ್ಡವರ ಕಡೆಗೆ ಹೋಗುವ ಪಟ್ಟಿ. ಮೇಷ್ಟ್ರೊಬ್ಬರು ಪೆನ್ ಡ್ರೈವ್‌ನಲ್ಲಿ ತಂದುಕೊಟ್ಟರು. ಪ್ರಿಂಟಿಗೆ ಹಾಕಿದೆ. ಮೊದಲ ಹಾಳೆ ಹೊರಗೆ ಬಂತು, ವಯಸ್ಸಿನ ಕಾಲಂನಲ್ಲಿ ಎಲ್ಲ ಸೊನ್ನೆ. ಫಾಂಟ್ ಕೆಟ್ಟಿದೆ ಅಂದುಕೊಂಡು ನಿಲ್ಲಿಸಿದೆ. ಫೈಲ್ ಮುಚ್ಚಿ ಮತ್ತೆ ತೆರೆದು ಹಾಕಿದೆ. ಮತ್ತೆ ಸೊನ್ನೆ. ಎರಡನೇ ಹಾಳೆಯೂ ಸೊನ್ನೆ, ಮೂರನೆಯದೂ ಸೊನ್ನೆ. ಆಗ ಮೇಷ್ಟ್ರು ಮೆಲ್ಲಗೆ ಹೇಳಿದರು, "ಅದು ಸರಿಯಾಗೇ ಇದೆ ಕಣ್ರೀ, ಇವು ಒಂದು ವರ್ಷ ತುಂಬದ ಮಕ್ಕಳು." ಪ್ರಿಂಟರ್ ತನ್ನ ಪಾಡಿಗೆ ಹಾಳೆ ಉದುರಿಸುತ್ತಲೇ ಇತ್ತು. ಆಮೇಲೆ ಉರ್ದು ಬಲ್ಲ ಇನ್ನೊಬ್ಬ ಮೇಷ್ಟ್ರು ಕೂತು ಒಂದು ಹಾಳೆಯ ಹೆಸರುಗಳನ್ನು ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ನಾನು ಯಾಕೆ ಬೀದಿಗೆ ಬಂದು ನಿಂತೆ ಅಂತ ನೀವು ಠಾಣೆಯಲ್ಲಿ ಕೇಳಿದಿರಲ್ಲ ಸರ್, ಕಾರಣ ಇದೇ. ಯಾವ ಪಕ್ಷದವರೂ ನನ್ನನ್ನು ಕಳಿಸಿರಲಿಲ್ಲ.

14 ಹೆಸರು ಓದಿದ್ದೆವು. ಅಷ್ಟರಲ್ಲಿ ಜೀಪು ಬಂತು.

ಮುಂದಿನದ್ದನ್ನು ನೀವು ಮಾತನಾಡಿದ ಹಾಗೇ ಬರೆಯುತ್ತೇನೆ. "ಪರ್ಮಿಶನ್ ಇದೆಯೇನ್ರೀ?" ಅಂದಿರಿ. ಬುಧವಾರವೇ ಅರ್ಜಿ ಕೊಟ್ಟಿದ್ದೀನಿ ಸರ್ ಅಂದೆ. "ಬೇಡ ಅಂತ ಹೇಳಿ ಕಳಿಸಿದ್ನಲ್ಲ?" ಅಂದಿರಿ. ಹೌದು, ಶನಿವಾರ ಸಂಜೆ ನಿಮ್ಮ ರೈಟರ್ ಫೋನ್ ಮಾಡಿ "ಸಾಹೇಬ್ರು ಬೇಡ ಅಂದ್ರು" ಅಂದಿದ್ದರು. ಅರ್ಜಿಯ ನನ್ನ ಪ್ರತಿಗೆ ಸೀಲು ಹಾಕಿ ಕೊಟ್ಟಿರಲಿಲ್ಲ, ಬೇಡ ಅನ್ನುವುದಕ್ಕೆ ಕಾರಣವನ್ನೂ ಹೇಳಿರಲಿಲ್ಲ. ಆದರೂ ನಿಂತೆವು. ಇದನ್ನು ಮುಚ್ಚಿಡುವುದಿಲ್ಲ. ನಿಂತದ್ದು ನಿಜ.

ಚಾರ್ಟ್ ಪೇಪರ್ ಕಿತ್ತುಕೊಂಡರು. ಹೆಸರಿನ ಪಟ್ಟಿ ಕಿತ್ತುಕೊಂಡರು. 11 ಜನರನ್ನು ಠಾಣೆಗೆ ಕರೆದುಕೊಂಡು ಹೋದರು, ಆರು ಹುಡುಗಿಯರು, ಅಜ್ಜಿಯೂ ಸೇರಿ. ಹೊರಗೆ ಕತ್ತಲಾಗಿತ್ತು. ಒಬ್ಬ ಹುಡುಗಿ ಧೈರ್ಯ ಮಾಡಿ ಕೇಳಿದಳು, "ಸರ್, ನಮ್ಮನ್ನ ಅರೆಸ್ಟ್ ಮಾಡಿದ್ದೀರಾ?" ನೀವು, "ಅರೆಸ್ಟ್ ಅಲ್ಲಮ್ಮ, ಸುಮ್ನೆ ಕರ್ಕೊಂಡು ಬಂದಿದ್ದು." ಅವಳು, "ಹಾಗಾದ್ರೆ ಮನೆಗೆ ಹೋಗಬಹುದಾ?" ನೀವು ಏನೂ ಹೇಳಲಿಲ್ಲ. ರಾತ್ರಿ ಒಂಬತ್ತೂವರೆಗೆ, 'ಇನ್ನು ಮುಂದೆ ಇಂಥ ಕೆಲಸ ಮಾಡುವುದಿಲ್ಲ' ಅಂತ ಬಿಳಿ ಹಾಳೆಯ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿರಿ. ಆ ಹುಡುಗಿಯ ಅಪ್ಪ ಅವಳನ್ನು ಈಗ ಕಾಲೇಜು ಬಿಟ್ಟು ಬೇರೆಲ್ಲಿಗೂ ಕಳಿಸುತ್ತಿಲ್ಲ. ಮುಚ್ಚಳಿಕೆ ಅನ್ನುವ ಪದ ಕೇಳಿಯೇ ಅವರಿಗೆ ಜ್ವರ ಬಂದ ಹಾಗಾಗಿದೆ. ಯಾರಿಗಾದರೂ ಆಗುತ್ತದೆ ಅಲ್ವಾ?

ನೀವು ಹೊಡೆಯಲಿಲ್ಲ. ಬೈಯಲಿಲ್ಲ. ಅಜ್ಜಿಗೆ ಕುರ್ಚಿ ಹಾಕಿಸಿದಿರಿ, ಮಹಿಳಾ ಕಾನ್‌ಸ್ಟೆಬಲ್ ಒಬ್ಬರು ಎಲ್ಲರಿಗೂ ನೀರು ಕೊಟ್ಟರು. ಅದನ್ನು ಮರೆತಿಲ್ಲ. ಆದರೆ ಆ ಐದು ದಿನದಲ್ಲಿ, ಅರ್ಜಿ ಕೊಟ್ಟ ಬುಧವಾರದಿಂದ ಮನೆಗೆ ಬಂದ ಭಾನುವಾರ ರಾತ್ರಿಯವರೆಗೆ, ನಿಮ್ಮ ಕಡೆಯಿಂದ ಬರವಣಿಗೆಯಲ್ಲಿ ಒಂದೇ ಒಂದು ಸಾಲು ಹುಟ್ಟಲಿಲ್ಲ. ಬೇಡ ಅಂದದ್ದು ಬಾಯಿ ಮಾತು, ಕರೆದುಕೊಂಡು ಹೋದದ್ದು ಬಾಯಿ ಮಾತು. ಬರೆದು ಸಹಿ ಹಾಕಿದ್ದು ನಾವು ಮಾತ್ರ. ನನ್ನ ತಕರಾರು ಪೂರ್ತಿ ಇದರ ಮೇಲೆ.

ನಮ್ಮ ಸಂವಿಧಾನದ 19ನೇ ವಿಧಿ, ಶಾಂತಿಯಿಂದ, ಆಯುಧ ಇಲ್ಲದೆ ಸೇರುವ ಹಕ್ಕು ಕೊಡುತ್ತದೆ. ಅದೇ ವಿಧಿ ಆ ಹಕ್ಕಿಗೆ ನ್ಯಾಯವಾದ ಮಿತಿ ಹಾಕಲು ಸರ್ಕಾರಕ್ಕೂ ಅಧಿಕಾರ ಕೊಟ್ಟಿದೆ. ಅದು ನನಗೂ ಒಪ್ಪಿಗೆ. ಆದರೆ ಮಿತಿ ಹಾಕುವುದಕ್ಕೆ ಒಂದು ದಾರಿ ಇದೆ. ನಿಷೇಧಾಜ್ಞೆಗೆ ಮೊದಲು 144 ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಅದರಲ್ಲಿ ಏನಿದೆ? ಕಾರಣಗಳನ್ನು ಹೇಳಿ ಲಿಖಿತ ಆದೇಶ ಮಾಡಬೇಕು ಅಂತ ಇದೆ. ಆದೇಶ ಮಾಡಬೇಕಾದವರು ಕಾರ್ಯನಿರ್ವಾಹಕ ದಂಡಾಧಿಕಾರಿ, ಠಾಣಾಧಿಕಾರಿ ಅಲ್ಲ. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಜಾಸ್ತಿ ನಡೆಯುವಂತಿಲ್ಲ. ಅನ್ಯಾಯ ಆಯಿತು ಅನ್ನಿಸಿದವರು ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಮುಚ್ಚಳಿಕೆಯ ಕಥೆಯೂ ಹೀಗೇ. ಯಾಕೆ ಬರೆದುಕೊಡಬೇಕು ಅಂತ ದಂಡಾಧಿಕಾರಿ ನೋಟಿಸ್ ಕೊಟ್ಟು, ನಮ್ಮ ಮಾತು ಕೇಳಿ, ಆಮೇಲೆ ತೀರ್ಮಾನ ಮಾಡಬೇಕು. ರಾತ್ರಿ ಒಂಬತ್ತೂವರೆಗೆ ಠಾಣೆಯ ಬೆಂಚಿನ ಮೇಲೆ ಬರೆಸಿಕೊಳ್ಳುವುದಲ್ಲ.

ಈ ಕಲಂಗಳನ್ನು ನಾನು ವಕೀಲರಿಂದ ಕೇಳಿ ತಿಳಿದುಕೊಂಡೆ, ಪುಸ್ತಕ ತೆಗೆಸಿ ಓದಿದೆ. ಲಿಖಿತ ಅನ್ನುವ ಪದ ಯಾಕೆ ಹಾಕಿದ್ದಾರೆ ಅಂತ ಆಗ ಅರ್ಥ ಆಯಿತು. ಬರೆದಿದ್ದನ್ನು ಇನ್ನೊಬ್ಬರು ಓದಬಹುದು. ತಪ್ಪಿದ್ದರೆ ತಪ್ಪು ಅನ್ನಬಹುದು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಿಷೇಧಾಜ್ಞೆ ಹಾಕಿದರು, ಟೌನ್‌ಹಾಲ್ ಹತ್ತಿರ ಟೀವಿಯವರ ಜೊತೆ ಮಾತನಾಡುತ್ತಾ ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಎಳೆದುಕೊಂಡು ಹೋದರು. ಆದರೆ ಆ ಆದೇಶ ಕಾಗದದ ಮೇಲೆ ಇತ್ತು. ಹಾಗಾಗಿ ನಮ್ಮ ಹೈಕೋರ್ಟ್ ಅದನ್ನು ತೆಗೆದು ಓದಿತು, 2020ರ ಫೆಬ್ರವರಿಯಲ್ಲಿ ಅದು ಕಾನೂನುಬಾಹಿರ ಅಂತ ಹೇಳಿತು. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅನುರಾಧಾ ಭಾಸಿನ್ ಪ್ರಕರಣದಲ್ಲಿ, ಇಂಥ ಆದೇಶಗಳನ್ನು ಪ್ರಕಟಿಸಬೇಕು, ನೊಂದವರು ಕೋರ್ಟಿಗೆ ಹೋಗಲು ಆಗಬೇಕು ಅಂದಿತು. ಫೋನಿನಲ್ಲಿ ಬಂದ 'ಸಾಹೇಬ್ರು ಬೇಡ ಅಂದ್ರು' ಅನ್ನುವುದನ್ನು ನಾನು ಯಾವ ಕೋರ್ಟಿಗೆ ತೆಗೆದುಕೊಂಡು ಹೋಗಲಿ?

ನಿಮ್ಮ ಎರಡನೇ ಮಾತಿಗೆ ಬರುತ್ತೇನೆ. ಠಾಣೆಯಲ್ಲಿ ಕೂರಿಸಿ ನೀವು ನಿಜವಾದ ಬೇಸರದಿಂದಲೇ ಕೇಳಿದಿರಿ: "ಎಲ್ಲೋ ನಡೆಯೋ ಯುದ್ಧಕ್ಕೆ ಇಲ್ಲಿ ಯಾಕ್ರೀ ನಿಲ್ತೀರಾ? ನಮ್ಮೂರಲ್ಲಿ ನೀರಿಲ್ಲ, ಅದಕ್ಕೆ ನಿಲ್ಲಿ."

ನೀರಿಗೂ ನಿಂತಿದ್ದೀವಿ ಸರ್. ಎತ್ತಿನಹೊಳೆ ನೀರು ಬರಲಿ, ಶಾಶ್ವತ ನೀರಾವರಿ ಆಗಲಿ ಅಂತ ಈ ಜಿಲ್ಲೆಯ ಜನ ಎಷ್ಟು ವರ್ಷದಿಂದ ಬೀದಿಯಲ್ಲಿದ್ದಾರೆ ಅಂತ ನಿಮಗೇ ಗೊತ್ತು. ಒಂದಕ್ಕೆ ನಿಂತವರು ಇನ್ನೊಂದಕ್ಕೆ ನಿಲ್ಲಬಾರದು ಅಂತ ಏನಿಲ್ಲವಲ್ಲ. ಇನ್ನು ಎಲ್ಲೋ ನಡೆಯುವ ಯುದ್ಧ ಅನ್ನುವ ಮಾತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಸತ್ತದ್ದು ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ಓದುತ್ತಿದ್ದ ಹುಡುಗ. ದಿನಸಿ ತರಲು ಹೋಗಿದ್ದವನು. ಅವನ ಶವ ಊರಿಗೆ ಬರಲು ಸುಮಾರು ಮೂರು ವಾರ ಹಿಡಿಯಿತು. ನನ್ನ ಅಂಗಡಿಗೆ ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ಬರುವವರಲ್ಲಿ ಜಾಸ್ತಿ ಜನ ಗಲ್ಫಿಗೆ ಹೋಗುವವರು. ಆ ಕಡೆ ಬಾಂಬ್ ಬಿದ್ದ ಸುದ್ದಿ ಬಂದರೆ ಇಲ್ಲಿ ಎಷ್ಟು ಮನೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂರುತ್ತಾರೆ, ನಾನು ನೋಡಿದ್ದೇನೆ.

ಇದು ದೇಶದ್ರೋಹದ ಕೆಲಸವೂ ಅಲ್ಲ. 2003ರಲ್ಲಿ ಅಮೆರಿಕ ಇರಾಕ್ ಮೇಲೆ ಯುದ್ಧಕ್ಕೆ ಹೋದಾಗ, ವಾಜಪೇಯಿ ಪ್ರಧಾನಿ ಆಗಿದ್ದ ಕಾಲದಲ್ಲಿ, ನಮ್ಮ ಲೋಕಸಭೆಯೇ ಏಪ್ರಿಲ್‌ನಲ್ಲಿ ಆ ಯುದ್ಧವನ್ನು ನಿಂದಿಸಿ ನಿರ್ಣಯ ಮಾಡಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಲ್ಕತ್ತದ ಬೀದಿಗಳು ತುಂಬಿಹೋಗಿದ್ದವು, ಅಮೆರಿಕದ ಕಾನ್ಸುಲೇಟ್ ಇರುವ ರಸ್ತೆಗೇ ಹೋ ಚಿ ಮಿನ್ ಹೆಸರಿಟ್ಟರು. ಲೋಕಸಭೆ ಮಾತನಾಡಬಹುದಾದ ವಿಷಯಕ್ಕೆ ಜೆರಾಕ್ಸ್ ಅಂಗಡಿಯವನು ಮೇಣದಬತ್ತಿ ಹಚ್ಚಬಾರದೇ?

2025ರ ಜುಲೈನಲ್ಲಿ ಮುಂಬೈ ಹೈಕೋರ್ಟ್ ನಿಮ್ಮ ಮಾತನ್ನೇ ಆಡಿತ್ತು ಅನ್ನುವುದೂ ನನಗೆ ಗೊತ್ತು. ಆಜಾದ್ ಮೈದಾನದಲ್ಲಿ ಗಾಜಾ ಪರವಾಗಿ ಸೇರಲು ಸಿಪಿಎಂನವರು ಅನುಮತಿ ಕೇಳಿದ್ದರು, ಪೊಲೀಸರು ಕೊಡಲಿಲ್ಲ, ಕೋರ್ಟಿಗೆ ಹೋದರೆ ನಮ್ಮ ದೇಶದ ಸಮಸ್ಯೆ ನೋಡಿ ಅಂತ ಅರ್ಜಿ ವಜಾ ಮಾಡಿದರು. ಓದಿ ನನಗೆ ತುಂಬಾ ನೋವಾಯಿತು. ಆದರೆ ಆಗಸ್ಟ್‌ನಲ್ಲಿ ಅದೇ ಮೈದಾನದಲ್ಲಿ, ಪೊಲೀಸರ ಅನುಮತಿಯಲ್ಲೇ, ಅದೇ ವಿಷಯಕ್ಕೆ ಜನ ಸೇರಿದರು. ಮುಂಬೈ ಏನೂ ಮುಳುಗಲಿಲ್ಲ.

ಇನ್ನೊಂದು ವಿಷಯ, ಇದನ್ನು ಹೇಳಲೇಬೇಕು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರಲ್ಲ, ಅದರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಆ ವಾರ ನಾವು ಇದೇ ಫುಟ್‌ಪಾತಿನ ಮೇಲೆ ಮೇಣದಬತ್ತಿ ಹಿಡಿದು ನಿಂತಿದ್ದೆವು. ಹೆಚ್ಚುಕಡಿಮೆ ಇದೇ ಜನ. ಪೋಸ್ಟ್‌ಮ್ಯಾನ್ ಇದ್ದರು, ಆ ಅಜ್ಜಿಯೂ ಇದ್ದರು. ಅವತ್ತು ಅರ್ಜಿಯನ್ನೇ ಕೊಟ್ಟಿರಲಿಲ್ಲ. ನಿಮ್ಮ ಕಾನ್‌ಸ್ಟೆಬಲ್ ಒಬ್ಬರು ಬಂದು ಆಟೋಗಳನ್ನು ಆ ಕಡೆ ಕಳಿಸಿ ನಮಗೆ ಜಾಗ ಮಾಡಿಕೊಟ್ಟರು. ಒಂದು ಮೇಣದಬತ್ತಿ ಗಾಳಿಗೆ ಆರಿದಾಗ ಅವರೇ ಬೆಂಕಿಪೊಟ್ಟಣ ಕೊಟ್ಟರು. ಆ ಸಂಜೆ ನನಗೆ ನಮ್ಮ ಪೊಲೀಸರ ಮೇಲೆ ಎಷ್ಟು ಪ್ರೀತಿ ಬಂದಿತ್ತು ಅಂದರೆ, ಮನೆಗೆ ಬಂದು ಮಕ್ಕಳಿಗೆ ಹೇಳಿದ್ದೆ. ಅದೇ ಜಾಗ, ಅದೇ ಜನ, ಅದೇ ಮೇಣದಬತ್ತಿ. ಸತ್ತವರು ಯಾರು ಅನ್ನುವುದಷ್ಟೇ ಬೇರೆ. ಅಳುವುದಕ್ಕೆ ಯಾರ ಸಾವಿಗೆ ಅನುಮತಿ ಬೇಕು, ಯಾರ ಸಾವಿಗೆ ಬೇಡ ಅನ್ನುವುದನ್ನು ಪೊಲೀಸರು ತೀರ್ಮಾನ ಮಾಡುವ ಹಾಗಾಗಬಾರದು ಸರ್.

"ಊರಲ್ಲಿ ಎರಡು ಕೋಮಿನವರಿದ್ದಾರೆ, ಯಾರಾದ್ರೂ ಬಂದು ಗಲಾಟೆ ಮಾಡಿದ್ರೆ?" ಅಂತಲೂ ಅಂದಿರಿ. ಇದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಏನಾದರೂ ಆದರೆ ಮೇಲಿನವರು ಕೇಳುವುದು ನಿಮ್ಮನ್ನು, ನಿದ್ದೆಗೆಟ್ಟು ಬಂದೋಬಸ್ತ್ ಮಾಡುವುದು ನಿಮ್ಮ ಹುಡುಗರು. ಆದರೆ ಗಲಾಟೆ ಮಾಡುವವರು ಬರಬಹುದು ಅನ್ನುವುದಾದರೆ ತಡೆಯಬೇಕಾದ್ದು ಯಾರನ್ನು?

ಇದಕ್ಕೆ ಬ್ರಿಟನ್ನಿನದ್ದೊಂದು ಪ್ರಕರಣ ಹೇಳುತ್ತೇನೆ. 2003ರ ಮಾರ್ಚ್ 22. ಫೇರ್‌ಫರ್ಡ್ ಅನ್ನುವ ಕಡೆ ವಾಯುನೆಲೆ ಇದೆ, ಅಲ್ಲಿಂದ ಇರಾಕ್ ಮೇಲೆ ಬಾಂಬ್ ಹಾಕುವ ಅಮೆರಿಕದ ವಿಮಾನಗಳು ಹೋಗುತ್ತಿದ್ದವು. ಯುದ್ಧ ಬೇಡ ಅನ್ನಲು ಲಂಡನ್ನಿನಿಂದ ಮೂರು ಬಸ್ಸಿನಲ್ಲಿ ಸುಮಾರು 120 ಜನ ಹೊರಟರು. ಪೊಲೀಸರು ದಾರಿಯಲ್ಲಿ ಬಸ್ ನಿಲ್ಲಿಸಿ ಹುಡುಕಿದರು. ಕೆಲವರ ಮೇಲೆ ಅನುಮಾನ ಇತ್ತು. ಅವರನ್ನಷ್ಟೇ ಬೇರೆ ಮಾಡಲಿಲ್ಲ, ಎಲ್ಲರನ್ನೂ ಅದೇ ಬಸ್ಸಿಗೆ ತುಂಬಿ, ಹಿಂದೆ ಮುಂದೆ ಪೊಲೀಸ್ ಗಾಡಿ ಹಾಕಿ, ಎರಡೂವರೆ ಗಂಟೆ ಎಲ್ಲೂ ನಿಲ್ಲಿಸದೆ ಲಂಡನ್ನಿಗೆ ವಾಪಸ್ ಬಿಟ್ಟರು. ಮೂತ್ರಕ್ಕೂ ಇಳಿಸಲಿಲ್ಲ. ಬಸ್ಸಿನಲ್ಲಿದ್ದ ಜೇನ್ ಲಪೋರ್ಟ್ ಅನ್ನುವ ಹೆಣ್ಣುಮಗಳು ಕೋರ್ಟಿಗೆ ಹೋದರು. 2006ರ ಡಿಸೆಂಬರ್‌ನಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಪೀಠ ಆ ಪೊಲೀಸರು ಮಾಡಿದ್ದು ಕಾನೂನಿಗೆ ವಿರುದ್ಧ ಅಂದಿತು. ಯಾರೋ ಕೆಲವರು ಏನೋ ಮಾಡಬಹುದು ಅಂತ ಸುಮ್ಮನಿದ್ದವರ ಹಕ್ಕು ಕಿತ್ತುಕೊಳ್ಳುವಂತಿಲ್ಲ ಅನ್ನುವುದೇ ಅದರ ತಿರುಳು.

ಅದೇ ದೇಶದಲ್ಲಿ 2005ರಲ್ಲಿ ಮಾಯಾ ಇವಾನ್ಸ್ ಅನ್ನುವವರು ಲಂಡನ್ನಿನ ಯುದ್ಧ ಸ್ಮಾರಕದ ಹತ್ತಿರ ನಿಂತು ಇರಾಕಿನಲ್ಲಿ ಸತ್ತ ಬ್ರಿಟಿಷ್ ಸೈನಿಕರ ಹೆಸರು ಓದಿದರು. ಅನುಮತಿ ಇಲ್ಲ ಅಂತ ಹಿಡಿದುಕೊಂಡು ಹೋಗಿ ಅಪರಾಧಿ ಮಾಡಿದರು. ಸಂಸತ್ತಿನ ಸುತ್ತ ಅನುಮತಿ ಇಲ್ಲದೆ ಯಾರೂ ನಿಲ್ಲಬಾರದು ಅನ್ನುವ ಆ ಕಾನೂನನ್ನು ಆಮೇಲೆ ಅವರೇ 2011ರಲ್ಲಿ ತೆಗೆದುಹಾಕಿದರು. ಸತ್ತವರ ಹೆಸರು ಓದಿದ್ದಕ್ಕೆ ಹಿಡಿದರು ಅಂತ ಕೇಳಿದಾಗ ನನಗೆ ನಮ್ಮ ಅಜ್ಜಿಯೇ ಕಣ್ಣ ಮುಂದೆ ಬಂದರು. 14ನೇ ಹೆಸರು ಓದಿದ್ದು ಅವರೇ. ಓದು ಬರಹ ಬರುವುದಿಲ್ಲ, ಮೊಮ್ಮಗಳು ಕಿವಿಯಲ್ಲಿ ಹೇಳಿದ್ದನ್ನು ಗಟ್ಟಿಯಾಗಿ ಹೇಳಿದರು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಜಿಲ್ಲೆಯಲ್ಲೇ ವಿದುರಾಶ್ವತ್ಥ ಇದೆ. ಗೌರಿಬಿದನೂರು ತಾಲೂಕು, ಉತ್ತರ ಪಿನಾಕಿನಿ ದಂಡೆ. ಚಿಕ್ಕವನಿದ್ದಾಗ ಅಮ್ಮ ನಾಗರಕಲ್ಲಿಗೆ ಹಾಲೆರೆಯಲು ಕರೆದುಕೊಂಡು ಹೋಗುತ್ತಿದ್ದರು. ಸಾಲು ಸಾಲು ನಾಗರಕಲ್ಲು, ಅರಿಶಿನ ಕುಂಕುಮ, ಒದ್ದೆ ಕಲ್ಲಿನ ವಾಸನೆ. ಇದೇ ಊರಲ್ಲಿ ಗೋಲಿಬಾರ್ ಆಗಿತ್ತು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1938ರ ಏಪ್ರಿಲ್ 25. ಮೈಸೂರು ಸಂಸ್ಥಾನ, ದಿವಾನರು ಮಿರ್ಜಾ ಇಸ್ಮಾಯಿಲ್. ಕಾಂಗ್ರೆಸ್ ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅಂತ ನಿಷೇಧ ಇತ್ತು. ಜನ ಸೇರಿದರು, ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು? ಸರ್ಕಾರ ಹೇಳಿದ ಲೆಕ್ಕ ಬೇರೆ, ಊರವರು ಹೇಳುತ್ತಾ ಬಂದ ಲೆಕ್ಕ ಬೇರೆ, ಎರಡಕ್ಕೂ ತುಂಬಾ ಅಂತರ. ಇವತ್ತಿಗೂ ಆ ಎರಡು ಲೆಕ್ಕ ಒಂದಾಗಿಲ್ಲ. ಆ ಸುದ್ದಿ ಕೇಳಿ ಸರ್ದಾರ್ ಪಟೇಲರು ಬಂದರು, ದಿವಾನರ ಜೊತೆ ಮಾತಾಯಿತು, ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು. ಏಪ್ರಿಲ್‌ನಲ್ಲಿ ಅಪರಾಧ ಆಗಿದ್ದದ್ದು ಸ್ವಲ್ಪ ದಿನದಲ್ಲೇ ಒಪ್ಪಿಗೆಯ ಕೆಲಸ ಆಯಿತು. ಈಗ ಅಲ್ಲಿ ವೀರಸೌಧ ಅನ್ನುವ ಸ್ಮಾರಕ ಇದೆ, ಅಧಿಕಾರಿಗಳೇ ಹೋಗಿ ಹೂವಿಡುತ್ತಾರೆ. ನೀವೂ ಡ್ಯೂಟಿ ಮೇಲೆ ಹೋಗಿರುತ್ತೀರಿ.

ನಮ್ಮ ಫುಟ್‌ಪಾತನ್ನು ವಿದುರಾಶ್ವತ್ಥಕ್ಕೆ ಹೋಲಿಸುತ್ತಿಲ್ಲ. ಅಲ್ಲಿ ಪ್ರಾಣ ಹೋದವು, ನಮಗೆ ಒಂದು ಸಂಜೆ ಹೋಯಿತು. ನಮ್ಮ ಜಿಲ್ಲೆಯ ಪೊಲೀಸರಿಗೆ ಮತ್ತು ಜನರಿಗೆ ಈ ನೆನಪು ಇದೆ, ಅದನ್ನು ಇಟ್ಟುಕೊಂಡು ಮಾತನಾಡೋಣ ಅಂತ ಅಷ್ಟೆ.

ನಾನು ಕೇಳುವುದು ದೊಡ್ಡದೇನಲ್ಲ. ಅರ್ಜಿ ಕೊಟ್ಟರೆ ನನ್ನ ಪ್ರತಿಗೆ ಸೀಲು, ತಾರೀಖು ಹಾಕಿ ಕೊಡಿ. ರಸ್ತೆಗೆ ತೊಂದರೆ ಅನ್ನಿಸಿದರೆ ಬೇರೆ ಜಾಗ ಹೇಳಿ, ಬೇರೆ ಹೊತ್ತು ಹೇಳಿ. ಶಾಹೀನ್ ಬಾಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಸ್ತೆಯನ್ನು ದಿನಗಟ್ಟಲೆ ಹಿಡಿದು ಕೂರುವಂತಿಲ್ಲ ಅಂದಿದೆ, ಗೊತ್ತು, ನಾವು ಕೇಳಿದ್ದು ಅರ್ಧ ಗಂಟೆ. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕಿಗೆ ಹೋಗಿ ಅನ್ನುತ್ತಾರೆ. ನಮ್ಮ ತಾಲೂಕಿನಲ್ಲಿ ಅಂಥ ಜಾಗ ಯಾವುದು ಅಂತ ಯಾರೂ ಹೇಳಿಲ್ಲ. ಬೀದಿಯಲ್ಲಿ ಸಭೆ ಸೇರುವುದಕ್ಕೆ ನಿಯಮ ಮಾಡಬಹುದು, ಪೂರ್ತಿ ಬಾಗಿಲು ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ ಹೇಳಿಯಾಗಿದೆ. ಆಗಲೇ ಇಲ್ಲ ಅನ್ನುವುದಾದರೆ ಹಿಂಬರಹ ಕೊಡಿ. ಕಾರಣ ಬರೆದು, ಸಹಿ ಹಾಕಿ. ಪಹಣಿ ತಿದ್ದುಪಡಿ ಆಗುವುದಿಲ್ಲ ಅಂತ ಹೇಳುವುದಕ್ಕೂ ತಾಲೂಕು ಕಚೇರಿಯವರು ಹಿಂಬರಹ ಕೊಡುತ್ತಾರೆ ಸರ್, ದಿನಾ ನನ್ನ ಅಂಗಡಿಯಲ್ಲಿ ಅದರ ಜೆರಾಕ್ಸ್ ತೆಗೆಯುತ್ತೇನೆ. ಆ 11 ಮುಚ್ಚಳಿಕೆಗಳನ್ನು ವಾಪಸ್ ಕೊಡಿ. ಎಲ್ಲ ಆಗದಿದ್ದರೆ ಆ ಆರು ಹುಡುಗಿಯರದ್ದಾದರೂ ಮೊದಲು ಕೊಡಿ, ಒಬ್ಬ ಅಪ್ಪ ಅದನ್ನು ಕಣ್ಣಿಂದ ನೋಡುವವರೆಗೆ ನಿದ್ದೆ ಮಾಡುವುದಿಲ್ಲ.

ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಅರ್ಜಿ ತರುತ್ತೇನೆ. ಎರಡು ಪ್ರತಿ ಇರುತ್ತದೆ. ಸೀಲು ಬೀಳುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ನಮ್ಮ ಹೆಸರಿನ ಪಟ್ಟಿ ಠಾಣೆಯಲ್ಲೇ ಉಳಿದಿದೆ, ಕೈ ಮುಗಿದು ಕೇಳುತ್ತೇನೆ, ಅದನ್ನು ಎಸೆಯಬೇಡಿ. ಮತ್ತೆ ಪ್ರಿಂಟ್ ತೆಗೆಯಬಹುದು, ಆದರೆ ಆ ಹಾಳೆಯ ಮೇಲೆ ಎಲ್ಲಿಯವರೆಗೆ ಓದಿದೆವು ಅಂತ ಅಜ್ಜಿಯ ಮೊಮ್ಮಗಳು ಪೆನ್ನಿನಲ್ಲಿ ಗೆರೆ ಹಾಕಿದ್ದಾಳೆ. 15ನೇ ಹೆಸರಿನಿಂದ ಶುರು ಮಾಡಬೇಕು.

ಇಂತಿ,
ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವನು